ಪರಂಗಿಯವರ ಪರವಾಗಿ

ಗೋವಾ ನಮ್ಮದಾದ ಮರುತಿಂಗಳು ಕುಮಟೆಯಲ್ಲಿ ಒಂದು ಸಮಿತಿ ಹುಟ್ಟಿತು. ಕುಮಟೆಯಲ್ಲಿ ಸಮಿತಿ ಹುಟ್ಟುವುದಕ್ಕೆ ಕಾರಣ ಬೇಕೆಂದಿಲ್ಲ. ಈ ಸಲ ಮಾತ್ರ ಕಾರಣವೂ ಇತ್ತು. ಯುದ್ಧ ನಡೆದದ್ದು ನಮ್ಮಿಂದ ಒಂದು ಬಸ್ಸಿನ ದಾರಿಯಷ್ಟು ದೂರದಲ್ಲಿ. ವಾಚನಾಲಯದ ರೇಡಿಯೊದ ಸುತ್ತ ನಿಂತು ನಾವು ಅದನ್ನು ಗೆದ್ದಿದ್ದೆವು. ಗೆದ್ದ ಮೇಲೆ ನಮ್ಮ ಪಾಲಿನ ಗಾಯ ಯಾವುದೆಂದು ತಡವಿ ನೋಡಿಕೊಂಡರೆ, ಜಯಕಾರ ಹಾಕಿ ನನ್ನ ಗಂಟಲು ಕೂತದ್ದು ಬಿಟ್ಟು ಬೇರೇನೂ ಸಿಗಲಿಲ್ಲ.

ಅಷ್ಟರಲ್ಲಿ ದಿಲ್ಲಿಯಿಂದ ಕಾಗದ ಬಂತು. ನಮ್ಮ ಕಡೆ ಪೋರ್ತುಗೀಜರನ್ನು ಪರಂಗಿಯವರು ಎನ್ನುತ್ತಾರೆ. ಆ ಪರಂಗಿಯವರ ಗುಂಡಿಗೆ ಸಿಕ್ಕಿದ, ಕೈಯಲ್ಲಿ ಆಯುಧವಿಲ್ಲದ ಜನರ ಹೇಳಿಕೆ ಬರೆದುಕೊಳ್ಳಲು ಮಾಥುರ್ ಎಂಬ ಅಧಿಕಾರಿ ಬರುತ್ತಾರೆ. ಹೊನ್ನಾವರದ ಪ್ರವಾಸಿ ಬಂಗಲೆಯಲ್ಲಿ ಕೂತು ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕಿನವರನ್ನು ವಿಚಾರಿಸುತ್ತಾರೆ. ಹೇಳಿಕೆಗಳು ಹೊರದೇಶಗಳ ಮುಂದೆ ಇಡುವಂಥವು, ಸಾಕ್ಷಿಗಳಿದ್ದರೆ ಕಳುಹಿಸತಕ್ಕದ್ದು. ಹೊರದೇಶ ಎಂಬ ಶಬ್ದ ಓದಿದ ಕ್ಷಣದಿಂದ ನಮ್ಮ ಸಮಿತಿಯವರು ಅಂಗಿಗೆ ಇಸ್ತ್ರಿ ಹಾಕಿಸತೊಡಗಿದರು.

ಅಧ್ಯಕ್ಷರು ವಾಮನ ಶಾನಭಾಗರು. ಮಾಮಲೇದಾರ ಕಚೇರಿಯಲ್ಲಿ ಅವಲ್ ಕಾರಕೂನರಾಗಿದ್ದು, ಅಂದರೆ ಹಿರಿಯ ಗುಮಾಸ್ತರಾಗಿದ್ದು, ನಿವೃತ್ತರಾದವರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದದ್ದು ತಾತ್ಕಾಲಿಕ ಏರ್ಪಾಡೆಂದು ಇನ್ನೂ ನಂಬಿದವರು. ಕಾರ್ಯದರ್ಶಿ ನಾನು, ಮಹಾಗಣಪತಿ ಹೆಗಡೆ. ಊರು ಕತಗಾಲ, ವಕೀಲಿ ಕುಮಟೆಯಲ್ಲಿ, ಹೆಸರು ತಾಳಮದ್ದಳೆಯಲ್ಲಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಅರ್ಥ ಹೇಳುವವರು ಕೂತಲ್ಲೇ ಕೂತು ಮಾತಿನಲ್ಲಿ ಹೊಡೆದಾಡುತ್ತಾರೆ. ನನ್ನ ಪಾಲಿಗೆ ಬರುವುದು ಯಾವಾಗಲೂ ಕತೆಯ ಪ್ರಕಾರ ಕೊನೆಗೆ ಸಾಯಬೇಕಾದ ರಾಜನ ಪಾತ್ರ. ಕತೆ ಬದಲಾಯಿಸುವ ಅಧಿಕಾರ ನನಗಿಲ್ಲ, ಆದ್ದರಿಂದ ಸಾಯುತ್ತಿದ್ದೆ. ಆದರೆ ಎದುರು ಕೂತ ದೇವರ ಬಾಯಿ ಕಟ್ಟಿಸಿ, ತಪ್ಪು ದೇವರದೇ ಎಂದು ಸಭೆಗೆ ಅನ್ನಿಸಿ, ಆಮೇಲೆ ಸಾಯುತ್ತಿದ್ದೆ. ಕೋರ್ಟಿನಲ್ಲಿ ಇಂಥ ಯೋಗ ಕಡಿಮೆ. ಅಲ್ಲಿ ನನ್ನ ಕಕ್ಷಿದಾರರು ಮಾತ್ರ ಸಾಯುತ್ತಿದ್ದರು.

ಇಡೀ ತಾಲೂಕು ಜಾಲಾಡಿದ ಮೇಲೆ ನಮಗೆ ಸಿಕ್ಕಿದ ಸಾಕ್ಷಿ ಒಬ್ಬಳೇ, ಅಘನಾಶಿನಿಯ ದುರ್ಗಿ. ಜಾಲಾಡುವ ಅಗತ್ಯವೂ ಇರಲಿಲ್ಲ. ಅವಳು ವಾರಕ್ಕೆರಡು ಸಲ ಶಾನಭಾಗರ ಮನೆಗೆ ಮೀನು ಕೊಡುವವಳು. ಅವಳ ಗಂಡ ಮಾಸ್ತಿ ಹಿಂದಿನ ಕಾರ್ತಿಕದಲ್ಲಿ, ಯುದ್ಧ ಇನ್ನೂ ಹೊಸಿಲಲ್ಲಿದ್ದಾಗ, ಕಾರವಾರದ ಹತ್ತಿರದ ಪರಂಗಿಯವರ ದ್ವೀಪದಿಂದ ಬಂದ ಗುಂಡಿಗೆ ಸತ್ತಿದ್ದ. ದೋಣಿಯಲ್ಲಿದ್ದವರು ಗಂಡಹೆಂಡತಿ ಇಬ್ಬರೇ.

ಶಾನಭಾಗರ ಜಗಲಿಯ ಕೆಳಗೆ ಬುಟ್ಟಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರಸಿಕೊಂಡು ಅವಳು ಹೇಳಿದ್ದು ಇಷ್ಟು:

“ಕಾರವಾರಕ್ಕೆ ಒಣಮೀನು ಹಾಕಿ ತಿರುಗಿ ಬರೂದಾಗಿತ್ತು ಒಡ್ಯಾ. ಗಾಳಿ ತಪ್ತು. ದೋಣಿ ಆ ದ್ವೀಪದ ಬದಿಗೆ ಹೋತು. ಮೇಲಿಂದ ಯಾರೋ ಕೂಗ್ದ್ರು. ನಮ್ಮನೆವ್ರು ಎದ್ದು ನಿಂತ್ಕಂಡು ಎರಡೂ ಕೈ ಎತ್ತಿದ್ರು. ನಾ ಹಾಯಿ ಹಗ್ಗ ಹಿಡ್ಕಂಡಿದ್ದೆ. ಕೈ ಎತ್ತಿದವ್ರಿಗೇ ಹೊಡದ್ರು.”

“ಆಮೇಲೆ?” ಎಂದೆ.

“ಆಮೇಲೆ ಎಂತದು? ಸತ್ರು.”

ಅವಳಿಗೆ ಬೇಕಾಗಿದ್ದುದೂ ಅಷ್ಟೇ ಚಿಕ್ಕದು. ಹೆಣ ದಡಕ್ಕೆ ಬಂದ ದಿನ ಯಾರೋ ಬರೆದ ವರದಿಯಲ್ಲಿ ಮಾಸ್ತಿ ಗೋವಾದ ಕಳ್ಳಮಾಲು ಸಾಗಿಸುತ್ತಿದ್ದನೆಂಬ ಗುಮಾನಿ ಸೇರಿಕೊಂಡಿತ್ತು. ಆ ಕಾಲದಲ್ಲಿ ಕುಮಟೆಯ ಮರ್ಯಾದಸ್ಥರ ಗಡ್ಡ ಹೆರೆಯುತ್ತಿದ್ದ ಬ್ಲೇಡು, ಸೇದುತ್ತಿದ್ದ ಸಿಗರೇಟು ಎಲ್ಲಿಂದ ಬರುತ್ತಿತ್ತೆಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಕೈಗಡಿಯಾರವೂ ಆ ದಾರಿಯಲ್ಲೇ ಬಂದದ್ದು. ಆದರೆ ಗುಂಡು ತಿಂದವನು ಮಾಸ್ತಿಯಾದ್ದರಿಂದ ಕಳ್ಳಮಾಲಿನವ ಎಂಬ ಹೆಸರೂ ಅವನಿಗೇ ಹೋಯಿತು. ಈಗ ದುರ್ಗಿ ಪೇಟೆಯಲ್ಲಿ ಬುಟ್ಟಿ ಇಳಿಸಿದರೆ, ಮೀನಿನ ಅಡಿಯಲ್ಲಿ ಗಡಿಯಾರ ಉಂಟೋ ಎಂದು ಕೇಳಿ ನಗುವವರಿದ್ದರು.

“ಕಳ್ಳ ಆದ್ರೆ ಓಡ್ತ. ಕೈ ಎತ್ತೂದಿಲ್ಲ,” ಎಂದಳು ದುರ್ಗಿ. “ಅವ್ರು ಕೈ ಎತ್ತಿದ್ರು ಹೇಳಿ ಸರ್ಕಾರದವ್ರು ಒಂದು ಬರ್ದ್ಕಂಡ್ರೆ ಆತು. ನಂಗೆ ಮತ್ತೆಂತ ಬ್ಯಾಡ.”

ಅವಳು ಹೋದ ಮೇಲೆ ಶಾನಭಾಗರು ನಶ್ಯದ ಡಬ್ಬಿ ತಿರುಗಿಸುತ್ತ ಕೂತರು. “ಹೆಗಡೇರೆ, ಇವಳು ಹೇಳಿದ್ದು ಮುಗೀಲಿಕ್ಕೆ ನನ್ನ ಒಂದು ಚಿಟಿಕೆ ನಶ್ಯ ಸಾಕಾಯ್ತು. ಹೊರದೇಶದವರು ಓದುವಂಥಾದ್ದು, ಇಷ್ಟು ಸಣ್ಣದಾದ್ರೆ ಹೇಗೆ? ಮತ್ತೆ ಆ ದಿಲ್ಲಿ ಮನುಷ್ಯ ನಾಲ್ಕು ಕೊಂಕು ಪ್ರಶ್ನೆ ಹಾಕಿದ್ರೆ ಇವಳ ಗತಿಯೆಂತ?”

“ಅಭ್ಯಾಸ ಮಾಡಿಸುವ,” ಎಂದೆ. “ಕೊಂಕು ಪ್ರಶ್ನೆ ಎಲ್ಲ ನಾನೇ ಮೊದಲು ಕೇಳಿಬಿಡ್ತೇನೆ. ಪರಂಗಿಯವರ ಬದಿಗೆ ನಾನು ಕೂತ್ಕೊಳ್ತೇನೆ. ಅವಳು ಅವಳ ಬದಿ ಹೇಳಲಿ. ಆಮೇಲೆ ದಿಲ್ಲಿಯವರಲ್ಲ, ಲಿಸ್ಬನ್ನಿನವರೇ ಬಂದರೂ ಹೆದರುವುದಿಲ್ಲ.”

“ತಾಳಮದ್ದಳೆ ಹಾಗೋ?”

“ಹಾಗೇ. ಮದ್ದಳೆ ಒಂದು ಇಲ್ಲ.”

ಶಾನಭಾಗರ ಮುಖ ಅರಳಿತು. ಇದು ಎಂಥ ಮೂರ್ಖತನವೆಂದು ಪಕ್ಕದ ಅಂಕೋಲೆಯ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಮಗಿಬ್ಬರಿಗೂ ಅದು ಬಹಳ ಕಾನೂನುಬದ್ಧವಾಗಿ ಕಂಡಿತು. ಮನೆಗೆ ಬಂದು ಹೆಂಡತಿ ವಸಂತಿಗೆ ಹೇಳಿದೆ. ಅವಳು ಕಾಯಿ ತುರಿಯುವ ಹೆರೆಮಣೆಯಿಂದ ತಲೆ ಎತ್ತಲಿಲ್ಲ.

“ನಿಂಗಕ್ಕೆ ಸೋಲುಲೆ ಬತ್ತಿಲ್ಲೆ. ಅದು ಗೊತ್ತಿದ್ದಾ ಶಾನಭಾಗ್ರಿಗೆ?”

“ಇದರಲ್ಲಿ ಸೋಲು ಗೆಲುವು ಎಂತದೂ ಇಲ್ಲೆ ಮಾರಾಯ್ತಿ, ಬರೀ ಅಭ್ಯಾಸ.”

“ಹಾಂಗಾದ್ರೆ ಆ ಜರಿ ಶಾಲು ಎಂತಕ್ಕೆ ತೆಗೆದಿಟ್ಟಿದ್ದು?”

ಶಾಲನ್ನು ಬಿಸಿಲಿಗೆ ಹಾಕಲು ತೆಗೆದದ್ದು ಎಂದೆ.

ಆ ಭಾನುವಾರ ಮಧ್ಯಾಹ್ನ ವಾಚನಾಲಯಕ್ಕೆ ಹೋದರೆ ಹೊರಗೆ ಚಪ್ಪಲಿಗಳ ರಾಶಿ. ಸಮಿತಿಯವರು ಮಾತ್ರ ಎಂದು ಕರೆದದ್ದು. ಆದರೆ ಹೆಗಡೇರು ಪರಂಗಿಯವರ ಅರ್ಥ ಹೇಳುತ್ತಾರಂತೆ ಎಂಬ ಸುದ್ದಿ ಧಾರೇಶ್ವರದವರೆಗೂ ಹೋಗಿತ್ತು. ಪತ್ರಿಕೆ ಓದುವ ಮೇಜು ಗೋಡೆಗೆ ಸೇರಿತ್ತು, ಚಾಪೆ ಹಾಸಿತ್ತು. ಮೂಲೆಯಲ್ಲಿ ಮದ್ದಳೆಯವನು ಮದ್ದಳೆ ಸಮೇತ ಕೂತಿದ್ದ. ಯಾಕೆ ತಂದೆ ಎಂದರೆ, ಮನೆಯಲ್ಲಿಟ್ಟರೆ ಇಲಿ ಕಡಿಯುತ್ತದೆ ಎಂದ. ದುರ್ಗಿ ಗಂಡಸರಿಂದ ದೂರ, ಬಾಗಿಲ ಹತ್ತಿರ ಮಣೆಯ ಮೇಲೆ ಕೂತಿದ್ದಳು. ಮಧ್ಯಾಹ್ನದ ಪೇಟೆ ಬಿಟ್ಟು ಬಂದಿದ್ದಳು; ಖಾಲಿ ಬುಟ್ಟಿ ಪಕ್ಕದಲ್ಲಿತ್ತು.

ನಾನು ಶಾಲು ಸರಿಮಾಡಿಕೊಂಡೆ. ಅದು ಹೇಗೋ ಹೆಗಲ ಮೇಲೆ ಬಂದಿತ್ತು.

“ಎಲೈ ದೋಣಿಯ ಹೆಂಗಸೇ,” ಎಂದು ಸುರುಮಾಡಿದೆ. “ನಾನು ಈ ದ್ವೀಪದ ಕಪ್ತಾನ. ಸುತ್ತ ನಾಲ್ಕು ದಿಕ್ಕಿಗೂ ನೀರು, ನೀರಿನಾಚೆ ನಾಲ್ಕು ದಿಕ್ಕಿಗೂ ಶತ್ರು. ಹೆದರಿಕೆ ಎಂಬುದು ನಿನಗೊಬ್ಬಳಿಗೇ ಇರುವುದೆಂದು ತಿಳಿದೆಯಾ? ಹೇಳು, ಕಾರವಾರದಿಂದ ಹೊರಟದ್ದು ಯಾವಾಗ?”

“ಬೆಳಗಾಗೂಕೆ ಮುಂಚೆ.”

“ಕತ್ತಲೆಯಲ್ಲಿ ಕಡಲಿಗೆ ಇಳಿಯುವವರು ಯಾರು?”

“ಮೀನಿನವ್ರು.”

ಸಭೆ ನಕ್ಕಿತು. ಅವಳ ಪರವಾಗಿ ನಕ್ಕಿತು. ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ ಎಂದು ಕಾರ್ಯದರ್ಶಿಯಾದ ನಾನು ಸಂತೋಷಪಡಬೇಕಾಗಿತ್ತು. ಆದರೆ ಅಲ್ಲಿ ಕೂತಿದ್ದವನು ಕಾರ್ಯದರ್ಶಿಯಲ್ಲ, ಕಪ್ತಾನ.

“ನನ್ನ ಸಿಪಾಯಿಗಳು ಕೂಗಿ ಎಚ್ಚರಿಸಲಿಲ್ಲವೇ?”

“ಕೂಗ್ದ್ರು. ಎಂತ ಹೇಳಿ ತಿಳೀಲಿಲ್ಲ.”

“ತಿಳಿಯದ ಮಾತಿಗೆ ನಿನ್ನ ಗಂಡ ಕೈ ಎತ್ತಿದ್ದು ಹೇಗೆ?”

“ಮಾತು ತಿಳೀಲಿಲ್ಲ ಒಡ್ಯಾ. ಬಂದೂಕು ತಿಳೀತಲ್ಲ.”

ಈ ಸಲ ನಗು ಜೋರಾಗಿಯೇ ಬಂತು. ಧಾರೇಶ್ವರದವನೊಬ್ಬ, “ಹೆಗಡೇರಿಗೆ ಇವತ್ತು ತಕ್ಕವಳು ಸಿಕ್ಕಿದ್ಲು,” ಎಂದದ್ದು ಕಿವಿಗೆ ಬಿತ್ತು. ನನ್ನ ಕಿವಿ ಇಂಥ ವಿಷಯದಲ್ಲಿ ಬಹಳ ಚುರುಕು. ಎದುರಿನವರ ಮಾತಿನಲ್ಲಿ ಸಡಿಲವಾಗಿ ಬಿದ್ದ ಒಂದು ಎಳೆ ಹಿಡಿದು ಎಳೆಯುವುದು ಅರ್ಥಗಾರಿಕೆಯ ಮೊದಲ ಪಾಠ. ಜಗಲಿಯ ಮೇಲೆ ಅವಳು ಹೇಳಿದ್ದರಲ್ಲಿ ಅಂಥ ಎಳೆ ಒಂದಿತ್ತು; ಶಾನಭಾಗರು ಅದನ್ನು ಕೇಳಿಸಿಕೊಂಡಿರಲಿಲ್ಲ. ನಾನು ದನಿ ತಗ್ಗಿಸಿದೆ. ನನ್ನ ದನಿ ತಗ್ಗಿದರೆ ಎದುರಿನವರಿಗೆ ಆಪತ್ತೆಂದು ಬಲ್ಲವರು ಮುಂದಕ್ಕೆ ಬಾಗಿದರು.

“ಕೈ ಎತ್ತಿದ. ಒಪ್ಪಿದೆ. ಬಲೆ ಬೀಸುವವನೂ ಕೈ ಎತ್ತುತ್ತಾನೆ, ಅದೂ ಇರಲಿ. ದೋಣಿ ನಿಂತಿತೇ?”

“ಇಲ್ಲ.”

“ದೋಣಿ ನಿಲ್ಲಬೇಕಾದರೆ ಏನು ಮಾಡಬೇಕು?”

“ಹಾಯಿ ಇಳಸ್ಬೇಕು.”

“ಹಾಯಿ ಇಳಿಯಬೇಕಾದರೆ?”

“ಹಗ್ಗ ಬಿಡ್ಬೇಕು.”

“ಹಗ್ಗ ಯಾರ ಕೈಯಲ್ಲಿತ್ತು?”

ದುರ್ಗಿ ನನ್ನನ್ನು ನೋಡಿದಳು. “ನನ್ನ ಕೈಲಿ.”

“ಬಿಟ್ಟೆಯಾ?”

ಅವಳು ಮಾತಾಡಲಿಲ್ಲ. ನಿಜವಾದ ಅರ್ಥಧಾರಿ ಈ ಮೌನಕ್ಕಾಗಿಯೇ ವರ್ಷಗಟ್ಟಲೆ ಕಾಯುತ್ತಾನೆ. ನಾನು ಅದನ್ನು ಬೇಕಾದಷ್ಟು ಹೊತ್ತು ನಿಲ್ಲಗೊಟ್ಟೆ.

“ಶರಣು ಬಂದದ್ದು ಎರಡು ಕೈ, ಮೇಲೇರಿ ಬಂದದ್ದು ಇಡೀ ದೋಣಿ. ನಾನು ಯಾವುದನ್ನು ನಂಬಲಿ? ನಾನು ಉತ್ತರ ಕೊಟ್ಟದ್ದು ಆ ಕೈಗಲ್ಲ ಹೆಂಗಸೇ, ಹಾಯಿಗೆ. ಹಾಯಿಯ ಹಗ್ಗ ಯಾರ ಕೈಯಲ್ಲಿತ್ತೋ ಅವರನ್ನೇ ಹೋಗಿ ಕೇಳು, ನಿನ್ನ ಗಂಡನನ್ನು ಕೊಂದವರು ಯಾರೆಂದು.”

ಮದ್ದಳೆಗೆ ಪೆಟ್ಟು ತಾನಾಗಿಯೇ ಬಿತ್ತು. ಭಲೇ ಎಂದು ಹಿಂದಿನಿಂದ ಯಾರೋ ಹೇಳಿದರು, ಮುಂದಿನಿಂದ ಹತ್ತು ಜನ ಹೇಳಿದರು. ಶಾನಭಾಗರು ಎರಡೂ ಕೈ ಸೇರಿಸಿ ತಟ್ಟಿ, ತಾವು ಯಾವ ಸಮಿತಿಯ ಅಧ್ಯಕ್ಷರೆಂಬುದು ನೆನಪಾಗಿ ಮೂರನೆಯ ಚಪ್ಪಾಳೆಯನ್ನು ನಡುವಿನಲ್ಲೇ ನಿಲ್ಲಿಸಿದರು. ನಾನು ಸಭೆಗೆ ಕೈ ಮುಗಿದೆ. ಧಾರೇಶ್ವರದವನು ಬಂದು, ಪರಂಗಿಯವರ ಬದಿಗೂ ಇಷ್ಟು ನ್ಯಾಯ ಇದೆಯೆಂದು ಇವತ್ತೇ ಗೊತ್ತಾದದ್ದು ಎಂದ. ಅವನಿಗೆ ವಂದನೆ ಹೇಳಿ, ಅವಲಕ್ಕಿಯ ತಟ್ಟೆ ತೆಗೆದುಕೊಂಡು ಬಾಗಿಲ ಕಡೆ ತಿರುಗಿದರೆ ಅಲ್ಲಿ ಮಣೆ ಮಾತ್ರ ಇತ್ತು. ದುರ್ಗಿ ಬುಟ್ಟಿ ಎತ್ತಿಕೊಂಡು ಹೋಗಿದ್ದಳು. ಅವಳಿಗೆ ಬಸ್ಸಿನ ಹೊತ್ತಾಯಿತೇನೋ ಎಂದುಕೊಂಡೆ. ಅವಲಕ್ಕಿಗೆ ಕಾಯಿ ಸ್ವಲ್ಪ ಕಡಿಮೆಯಾಗಿತ್ತು ಎಂಬುದೂ ಆ ಮಧ್ಯಾಹ್ನದ ನನ್ನ ನೆನಪುಗಳಲ್ಲಿ ಸೇರಿದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಬಾವಿಕಟ್ಟೆಯ ದಾರಿಯಿಂದ ವಸಂತಿಗೆ ತಲುಪಿತ್ತು.

“ಇಂಥಾ ವಕೀಲ ಇದ್ದಿದ್ದು ಮೊದ್ಲೇ ಗೊತ್ತಿದ್ರೆ,” ಎಂದಳು, “ಪರಂಗಿಯವ್ರು ಗೋವಾ ಬಿಟ್ಟಿಕ್ಕೆ ಹೋಗ್ತಿದ್ವಿಲ್ಲೆ.”

ಮರುದಿನ ಶಾನಭಾಗರು ಟೋಪಿ ಇಲ್ಲದೆ ಬಂದರು. ಅವರು ಟೋಪಿ ಇಲ್ಲದೆ ಬಂದದ್ದನ್ನು ನಾನು ಮೊದಲು ಕಂಡದ್ದು ಅವರ ತಾಯಿ ತೀರಿಕೊಂಡಾಗ.

“ದುರ್ಗಿ ಹೊನ್ನಾವರಕ್ಕೆ ಬರೂದಿಲ್ಲಂತೆ. ಪಕ್ಕದ ಮನೆ ಸಣ್ಣಿ ಹತ್ರ ಹೇಳಿ ಕಳ್ಸಿದ್ದಾಳೆ. ಮೀನೂ ತರಲಿಲ್ಲ.” ಎರಡರಲ್ಲಿ ಯಾವುದು ಹೆಚ್ಚಿನ ದುಃಖವೆಂದು ಅವರ ಮುಖದಿಂದ ತಿಳಿಯುವಂತಿರಲಿಲ್ಲ. “ನನ್ನ ಗಂಡನನ್ನು ಕೊಂದದ್ದು ನಾನೇ, ವಕೀಲ್ರು ಅಷ್ಟು ಜನರ ಮುಂದೆ ತೋರಿಸಿ ಕೊಟ್ಟಿದ್ದಾರೆ, ಮತ್ತೆ ಸಾಹೇಬರ ಹತ್ರ ಎಂತ ಹೇಳುದು ಅಂದಳಂತೆ.”

ನಾನು ನಕ್ಕೆ. ಅದು ಬರೀ ಅರ್ಥ, ಅಷ್ಟೂ ಗೊತ್ತಾಗುವುದಿಲ್ಲವೇ ಎಂದೆ. ಶಾನಭಾಗರು ನಗಲಿಲ್ಲ. “ಹೆಗಡೇರೆ, ಅವಳು ಬರದಿದ್ರೆ ಮಾಸ್ತಿ ವಿಷಯದಲ್ಲಿ ಉಳಿಯುವ ಕಾಗದ ಒಂದೇ, ಕಳ್ಳಮಾಲಿನದ್ದು. ನಾವು ಸಮಿತಿ ಮಾಡಿ ಅದನ್ನೇ ಗಟ್ಟಿ ಮಾಡಿದ ಹಾಗಾಯ್ತು.”

ಮಾಥುರರು ಹೊನ್ನಾವರಕ್ಕೆ ಬರುವ ಹಿಂದಿನ ದಿನ ನಾನು ಅಘನಾಶಿನಿಗೆ ಹೋದೆ. ದಾರಿಯುದ್ದಕ್ಕೂ ನನ್ನದೇ ಅರ್ಥಕ್ಕೆ ಪ್ರತ್ಯರ್ಥ ಕಟ್ಟುತ್ತ ನಡೆದೆ. ಗಾಳಿಯ ವೇಗ, ಹಗ್ಗದ ಗಂಟು, ಅಬಲೆಯ ಭೀತಿ, ಧರ್ಮಯುದ್ಧದ ನಿಯಮ ಎಲ್ಲವೂ ಅದರಲ್ಲಿ ಬಂದವು. ಶಾಲು ಮಾತ್ರ ಮನೆಯಲ್ಲೇ ಬಿಟ್ಟಿದ್ದೆ.

ದುರ್ಗಿ ಮನೆಯೆದುರಿನ ಮರಳಿನಲ್ಲಿ ಹರಡಿದ ಮೀನನ್ನು ಮಗುಚಿ ಹಾಕುತ್ತಿದ್ದಳು. ಅತ್ತೆ ಲಕ್ಕಿ ಕಾಗೆ ಓಡಿಸಲು ಕೋಲು ಹಿಡಿದುಕೊಂಡು ಕೂತಿದ್ದಳು, ಸಣ್ಣಿಯೂ ಅಲ್ಲಿದ್ದಳು. ಒಣಮೀನಿನ ವಾಸನೆಗೆ, ಮೀನು ಮುಟ್ಟದ ನಮ್ಮ ಜಾತಿಯವನ ಮೂಗು ಮಾಡುವುದನ್ನೆಲ್ಲ ನನ್ನ ಮೂಗು ಮಾಡಿತು. ಅದನ್ನು ತಡೆದುಕೊಂಡು, ಮರಳಲ್ಲಿ ನಿಂತೇ ಸುರುಮಾಡಿದೆ. ಗಾಳಿಯ ವೇಗ ಮುಗಿದು ಹಗ್ಗದ ಗಂಟಿಗೆ ಬಂದಿದ್ದೆ.

“ಯಾರು ಇವ್ರು?” ಎಂದು ಲಕ್ಕಿ ಕೇಳಿದಳು. ಅವಳಿಗೆ ಕಣ್ಣು ಮಂದ.

“ಆವತ್ತು ಪರಂಗಿ ಆಗಿದ್ದವ್ರು,” ಎಂದಳು ಸಣ್ಣಿ.

“ಇವತ್ತು ಎಂತ ಆಗ್ಯಾರೆ?”

“ಗೊತ್ತಾಗೂದಿಲ್ಲ. ಇನ್ನೂ ಸರಿ ಸುರುವಾಗ್ಲಿಲ್ಲ.”

ನಾನು ಅಬಲೆಯ ಭೀತಿಗೆ ಹಾರಿದೆ. ದುರ್ಗಿ ಸೊಂಟ ನೆಟ್ಟಗೆ ಮಾಡಿ ನಿಂತಳು. “ಒಡ್ಯಾ, ಬಿಸ್ಲಿಗೆ ನಿಲ್ಬೇಡಿ. ಆವತ್ತು ನೀವು ಹೇಳಿದ್ದು ಚಂದಾಗಿತ್ತು. ಇವತ್ತು ಕಟ್ಟೂದಿಲ್ಲ.”

“ಆವತ್ತಿನದು ಆಟಕ್ಕೆ ಹೇಳಿದ ಮಾತು, ದುರ್ಗಿ.”

“ಆಟಕ್ಕೇ ಇರೂದು. ಆದ್ರೆ ಅದ್ರಲ್ಲಿ ಸುಳ್ಳು ಎಲ್ಲಿದೆ ಹೇಳಿ ನಾ ಹುಡಕ್ತೇ ಇದ್ದೆ. ಸಿಕ್ಕೂದಿಲ್ಲ. ಹಗ್ಗ ನನ್ನ ಕೈಲಿದ್ದಿದ್ದು ಹೌದು. ಬಿಡ್ದೇ ಇದ್ದಿದ್ದೂ ಹೌದು. ನಿಮಗೆ ಸಿಕ್ತದ್ಯಾ?”

ನಾನು ಹುಡುಕಿದೆ. ಮರಳು ಕಾದಿತ್ತು, ಕಾಗೆಗಳು ಲಕ್ಕಿಯ ಕೋಲಿನಳತೆ ಅರಿತು ಕೂತಿದ್ದವು. ನಾನು ಆವರೆಗೆ ಹೇಳಿದ ಅರ್ಥಗಳಲ್ಲಿ ಅದೇ ಅತ್ಯುತ್ತಮ; ಕಟ್ಟಿದವನಿಗೇ ಅದರಲ್ಲಿ ಬಿರುಕು ಕಾಣಲಿಲ್ಲ. ಸುಳ್ಳು ಒಂದೂ ಇರಲಿಲ್ಲ. ಸುಳ್ಳು ಹೇಳದೆ ಗೆದ್ದದ್ದಕ್ಕೆ ಆ ಮಧ್ಯಾಹ್ನ ನನಗೆ ಹೆಮ್ಮೆಯೂ ಆಗಿತ್ತು. ಹಾಗಾದರೆ ಗೆದ್ದದ್ದು ಹೇಗೆ ಎಂದು ಯೋಚಿಸಿದಾಗ ವೃತ್ತಿಯ ಗುಟ್ಟು ಹೊರಗೆ ಬಂತು. ಮೂರು ಜನ ಹೆಂಗಸರೆದುರು ಅದನ್ನು ಹೇಳುವುದು ಅಂಗಿ ಬಿಚ್ಚಿ ನಿಂತಷ್ಟೇ ಕಷ್ಟವಾಯಿತು.

“ಸುಳ್ಳು ಇಲ್ಲ,” ಎಂದೆ. “ಬಿಟ್ಟದ್ದು ಇದೆ. ನಿನ್ನ ಕೈಯಲ್ಲಿ ಹಗ್ಗ ಇತ್ತು, ಅವರ ಕೈಯಲ್ಲಿ ಬಂದೂಕು ಇತ್ತು. ಹಗ್ಗ ಹಗ್ಗ ಎಂದು ನಾನು ಎಷ್ಟು ಸಲ ಹೇಳಿದೆ. ಬಂದೂಕಿನ ಸುದ್ದಿ ನಾನಾಗಿ ಒಂದು ಸಲವೂ ಎತ್ತಲಿಲ್ಲ. ನೀನು ಎತ್ತಿದೆ, ಜನ ನಕ್ಕರು, ನಾನು ದಾಟಿಕೊಂಡು ಹೋದೆ. ಅಲ್ಲಿ ನಿಂತಿದ್ದರೆ ಸೋಲುತ್ತಿದ್ದೆ.”

ದುರ್ಗಿ ಮತ್ತೆ ಬಗ್ಗಿ ಒಂದು ಸಾಲು ಮೀನನ್ನು ಪೂರ್ತಿ ಮಗುಚಿದಳು. ಸಣ್ಣಿ, “ಇದು ಸ್ವಲ್ಪ ಅಡ್ಡಿಲ್ಲ,” ಎಂದು ಲಕ್ಕಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

“ಆ ಸಾಹೇಬ್ರ ಹತ್ರ ಹಗ್ಗದ್ದೂ ಹೇಳ್ತೆ ನಾ,” ಎಂದಳು ದುರ್ಗಿ.

ನನ್ನೊಳಗಿನ ವಕೀಲ ಎಚ್ಚೆತ್ತ. “ಅವರಾಗಿ ಕೇಳದಿದ್ದರೆ ಹೇಳಬೇಡ. ನಿನ್ನ ಕೇಸು ಕೆಡುತ್ತದೆ.”

“ನೀವು ಬಂದೂಕು ಬಿಟ್ಟು ಹೇಳಿದ್ರಿ. ನಾ ಹಗ್ಗ ಬಿಟ್ಟು ಹೇಳ್ಬೇಕಾ? ಹಾಂಗಾದ್ರೆ ನಾ ಬರೂದಿಲ್ಲ.”

“ಕೈ ಎತ್ತಿದ್ದನ್ನು ಬರೆಯದೆ ಹೋದರೆ?”

“ಬರೀಬೇಕು. ಎರಡೂ ಬರ್ದ್ಕಣಲಿ.” ಕೈಗೆ ಹತ್ತಿದ ಮರಳು ಕೊಡವಿದಳು. “ಬಸ್ಸು ಎಷ್ಟೊತ್ತಿಗೆ?”

ಹೊನ್ನಾವರದ ಬಂಗಲೆಯ ಜಗಲಿಯಲ್ಲಿ ನಮಗಿಂತ ಮೊದಲೇ ಭಟ್ಕಳದ ಒಬ್ಬ ಸಾಹುಕಾರರು ಕೂತಿದ್ದರು. ಅವರ ಮಚವೆ ಎಂಬ ಸರಕು ದೋಣಿಗೂ ಗುಂಡು ಬಿದ್ದಿತ್ತಂತೆ. ನಂಬದಿದ್ದರೆ ನೋಡಲಿ ಎಂದು ತೂತು ಬಿದ್ದ ಹಾಯಿಯನ್ನೇ ಲಾಂಚಿನಲ್ಲಿ ಹೇರಿಕೊಂಡು ಶರಾವತಿ ದಾಟಿಸಿ ತಂದಿದ್ದರು. ಅವರು ಉರ್ದುವಿನಲ್ಲಿ ಹೇಳಿದರು, ಮಾಥುರರು ನೇರವಾಗಿ ಬರೆದುಕೊಂಡರು. ನಮ್ಮ ಸರದಿ ಬಂದಾಗ ತೊಡಕಾಯಿತು. ಕನ್ನಡ ಬಲ್ಲ ದುಭಾಷಿಗೆ ಕಾರವಾರದಲ್ಲೇ ಜ್ವರ. ಮಾಥುರರು ಬಸವಳಿದ ಮನುಷ್ಯ. ಕರಾವಳಿಯ ಸೆಕೆಗೆ ಅವರ ಕೋಟಿನ ಬೆನ್ನು ಒದ್ದೆಯಾಗಿತ್ತು. ನಾನು ವಕೀಲನೆಂದು ಕೇಳಿ, ನೀವೇ ಇಂಗ್ಲಿಷಿಗೆ ಮಾಡಿ ಹೇಳಿ ಎಂದರು. ಶಾನಭಾಗರು ನನ್ನ ತೋಳು ಹಿಡಿದು, ಕೊಂಕಣಿ ಬೆರೆತ ಪಿಸುಮಾತಿನಲ್ಲಿ, ದೇವರ ದಯದಿಂದ ಇವತ್ತು ಅವಳ ಬದಿಗೆ ಇರಿ ಎಂದರು.

ದುರ್ಗಿ ಹೆಸರು, ಊರು ಹೇಳಿದಳು. ಗಂಡನ ಹೆಸರು ಶಾನಭಾಗರು ಹೇಳಿದರು. ಆಮೇಲೆ ಅವಳು, “ಕಾರವಾರಕ್ಕೆ ಒಣಮೀನು ಹಾಕಿ ತಿರುಗಿ ಬರೂದಾಗಿತ್ತು. ಗಾಳಿ ತಪ್ತು,” ಎಂದು ನಿಲ್ಲಿಸಿದಳು.

ನಾನು ಇಂಗ್ಲಿಷಿನಲ್ಲಿ ತೊಡಗಿದೆ. ಅರಬೀ ಸಮುದ್ರದ ಚಂಚಲ ಸ್ವಭಾವ, ಬಡ ಬೆಸ್ತನ ಬಾಳು, ಬೆಳಗಿನ ಮಂಜು ಇವೆಲ್ಲ ತಾವಾಗಿ ಬಂದವು. ಮಂಜು ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ. ಮಾಥುರರ ಪೆನ್ನು ಓಡುತ್ತಿತ್ತು.

“ಒಡ್ಯಾ,” ಎಂದಳು ದುರ್ಗಿ, “ನಾ ಗಾಳಿ ತಪ್ತು ಹೇಳಿದ್ದು. ನೀವು ಇಷ್ಟು ಹೊತ್ತು ಎಂತ ಹೇಳ್ತ್ರಿ?”

ಮಾಥುರರು ತಲೆ ಎತ್ತಿದರು. “ಏನನ್ನುತ್ತಾಳೆ?”

ದುಭಾಷಿಯ ಕೆಲಸ ಎಂದ ಮೇಲೆ ಅದನ್ನೂ ಹೇಳಬೇಕು. “ನಾನು ಉದ್ದ ಹೇಳುತ್ತಿದ್ದೇನಂತೆ.”

“ಅವಳು ಹೇಳಿದ್ದು ಎಷ್ಟು?”

“ಮೀನು ಮಾರಿ ಹಿಂತಿರುಗುತ್ತಿದ್ದರು. ಗಾಳಿ ತಪ್ಪಿತು.”

ಮಾಥುರರು ಬರೆದದ್ದಕ್ಕೆಲ್ಲ ಅಡ್ಡಗೆರೆ ಎಳೆದರು. ಮಂಜೂ ಹೋಯಿತು, ಬೆಸ್ತನ ಬಾಳೂ ಹೋಯಿತು. “ನನಗೂ ಅಷ್ಟೇ ಕೊಡಿ,” ಎಂದರು.

ಅಲ್ಲಿಂದ ಮುಂದೆ ದುರ್ಗಿ ನನ್ನ ಬಾಯನ್ನೇ ನೋಡುತ್ತ ಕೂತಳು. ಅವಳು ಹೇಳಿ ಮುಗಿಸಿದಷ್ಟು ಹೊತ್ತಿನಲ್ಲಿ ನಾನೂ ಮುಗಿಸಬೇಕು. ಒಂದು ವಿಶೇಷಣ ಹೆಚ್ಚಾದರೂ ಹುಬ್ಬು ಮೇಲೇರುತ್ತಿತ್ತು. ನನ್ನ ಎದುರು ಕೂತು ಅರ್ಥ ಹೇಳಿದ ದೇವರು ಯಾರೂ ನನ್ನನ್ನು ಇಷ್ಟು ಗಿಡ್ಡ ಮಾಡಿರಲಿಲ್ಲ. ಕೂಗಿದರು ಎಂದಳು, ಕೂಗಿದರು ಎಂದೆ. ಕೈ ಎತ್ತಿದರು ಎಂದಳು, ಕೈ ಎತ್ತಿದರು ಎಂದೆ. ಕೈ ಎತ್ತಿದವರಿಗೇ ಹೊಡೆದರು.

ಮಾಥುರರು ಪೆನ್ನು ಮುಚ್ಚಲು ಹೊರಟಿದ್ದರು. “ಇನ್ನೊಂದದೆ,” ಎಂದಳು ದುರ್ಗಿ. “ಹಾಯಿ ಹಗ್ಗ ನನ್ನ ಕೈಲಿತ್ತು. ನಾ ಬಿಡ್ಲಿಲ್ಲ. ದೋಣಿ ನಿಲ್ಲಲಿಲ್ಲ.”

ಶಾನಭಾಗರು ಮುಖ ತಗ್ಗಿಸಿದರು. ನಾನು ಅದನ್ನು ಹೇಳದೆ ಬಿಟ್ಟುಬಿಡಬಹುದಾಗಿತ್ತು; ಆ ಕೋಣೆಯಲ್ಲಿ ಎರಡೂ ಭಾಷೆ ಸರಿಯಾಗಿ ಬಲ್ಲವನು ನಾನೊಬ್ಬನೇ. ಅವಳು ಬಾಯಿ ನೋಡುತ್ತಿದ್ದಳು. ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

“ಯಾಕೆ ಬಿಡಲಿಲ್ಲ?” ಎಂದು ಮಾಥುರರು ಕೇಳಿದರು. ನನ್ನದೇ ಪ್ರಶ್ನೆ. ಅವರು ಬೆವರು ಒರಸಿಕೊಳ್ಳುತ್ತ ಕೇಳಿದರು; ಉತ್ತರ ಏನಿದೆಯೋ ಅದು ತಮಗೆ ಬೇಕು ಎಂಬಂತೆ ಕೇಳಿದರು.

“ಹೆದರ್ಕೆಗೆ ಕೈ ಬಿಗ್ದು ಹೋತು,” ಎಂದಳು. “ಬಿಟ್ಟಿದ್ರೆ ಅವ್ರು ಹೊಡೀತಿರ್ಲಿಲ್ವೇನ. ಹೊಡೀತಿದ್ರೇನ. ನಂಗೆ ಗೊತ್ತಿಲ್ಲ. ಬಂದೂಕು ಅವ್ರ ಹತ್ರ ಇತ್ತು.”

ಮಾಥುರರು ಬರೆದುಕೊಂಡರು. ಕಿಟಕಿಯ ಹೊರಗೆ ಅಳಿವೆಯ ಕಡೆ ನೋಡಿ ಕೇಳಿದರು: “ದ್ವೀಪದ ಮೇಲಿನವರನ್ನು ಅವಳು ನೋಡಿದಳೇ? ಏನು ಕಾಣುತ್ತಿತ್ತು?”

“ಟೋಪಿ ಕಾಣ್ತಿತ್ತು. ಒಬ್ಬವ ಟೋಪಿ ತೆಗ್ದು ತಲೆ ಕೆರ್ಕಂಡ. ಆಮೇಲೆ ಹೊಡದ್ರು.”

ತಲೆ ಕೆರೆದುಕೊಂಡದ್ದನ್ನೂ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ವಾಚನಾಲಯದಲ್ಲಿ ಅಷ್ಟು ಜನರಿದ್ದೆವು, ಯಾರೂ ಇದನ್ನು ಕೇಳಿರಲಿಲ್ಲ. ಕಪ್ತಾನ ಕೇಳುವ ಪ್ರಶ್ನೆಯೇ ಅಲ್ಲ ಅದು. ತಲೆ ಕೆರೆದುಕೊಂಡದ್ದು ಅವಳಿಗೆ ಕಾಣುವಷ್ಟು ಹತ್ತಿರವೆಂದರೆ, ಮಾಸ್ತಿ ಎತ್ತಿದ ಕೈ ಅವರಿಗೆ ಕಾಣದಿರುವ ಮಾತಿಲ್ಲ. ಮಾಥುರರು ಆ ವಾಕ್ಯವನ್ನು ಬರೆದು, ಕೆಳಗೆ ಒಂದು ಗೆರೆ ಎಳೆದರು.

ಎಲ್ಲ ಮುಗಿದ ಮೇಲೆ ಬರೆದದ್ದನ್ನು ಅವರು ಓದಿದರು, ನಾನು ಕನ್ನಡದಲ್ಲಿ ಹೇಳಿದೆ. ಅರ್ಧ ಪುಟವೂ ಇರಲಿಲ್ಲ. ಶಾಯಿಯ ಡಬ್ಬಿ ಬಂತು. ದುರ್ಗಿ ಹೆಬ್ಬೆರಳು ಒತ್ತಿಕೊಂಡು, ಕಾಗದದ ಮೇಲೆ ಹಾಗೇ ಹಿಡಿದಳು.

“ಕೈ ಎತ್ತಿದ್ದು ಎಲ್ಲಿ ಬರ್ದ್ರು?”

ನಡುವಿನ ಸಾಲು ತೋರಿಸಿದೆ. ಅವಳು ಅಲ್ಲೇ ಒತ್ತಿದಳು, ಶಬ್ದಗಳ ಮೇಲೆಯೇ.

“ಸಹಿಯ ಜಾಗ ಕೆಳಗೆ,” ಎಂದರು ಮಾಥುರರು. ನಾನು ಹೇಳಿದೆ.

“ಅಲ್ಲೂ ಹಾಕ್ತೆ. ಇದು ಇರ್ಲಿ ಹೇಳಿ.”

ಹೇಳಿದೆ. ಮಾಥುರರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿನ ಗೆರೆಗಳ ನಡುವೆ ಅಕ್ಷರ ಓದಲು ಬರುತ್ತಿತ್ತು. ಅಂಚಿನಲ್ಲಿ, ಸಾಕ್ಷಿಯ ಇಚ್ಛೆಯಂತೆ ಎಂದು ಬರೆದು ತಮ್ಮ ಚಿಕ್ಕ ಸಹಿ ಹಾಕಿದರು. ಕೆಳಗೆ ಇನ್ನೊಂದು ಗುರುತು ಬಿದ್ದ ಮೇಲೆ, ಕಾಗದ ಹಾರದಂತೆ ಒಂದು ಮೂಲೆಗೆ ಶಾಯಿ ಡಬ್ಬಿ ಇಟ್ಟು ಒಣಗಲು ಬಿಟ್ಟರು.

ನಮ್ಮ ಬಸ್ಸು ಹೊರಡುವ ಹೊತ್ತಾಗಿತ್ತು. ಶಾನಭಾಗರು ಎದ್ದು ಟೋಪಿ ಹಾಕಿಕೊಂಡರು. ಕಾಗದ ಒಣಗುವವರೆಗೆ ದುರ್ಗಿ ಏಳಲಿಲ್ಲ.